ಬಿಸಿ ತಾಗದ ಕೈ

ನನ್ನ ಬಲಗೈಯ ತೋರುಬೆರಳು ಈಗ ಅರ್ಧಕ್ಕೆ ನಿಂತಿದೆ. ಪೆನ್ನನ್ನು ಹೆಬ್ಬೆರಳಿಗೂ ನಡುಬೆರಳಿಗೂ ನಡುವೆ ಸಿಕ್ಕಿಸಿಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾಗುತ್ತದೆ, ಆಗಲಿ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ‘ನನಗೊಬ್ಬಳಿಗೇ ಯಾಕೆ ಹೀಗಾಯಿತು’ ಎಂದು ಯೋಚಿಸುತ್ತಿರುವ ಯಾರಾದರೂ ಇದನ್ನು ಓದಿದರೆ, ಪಕ್ಕದಲ್ಲಿ ನಾನೂ ಕೂತಿದ್ದೇನೆ ಅಂತ ತಿಳಿದುಕೊಳ್ಳಲಿ. ಧೈರ್ಯ ಹೇಳುವ ಹೆಂಗಸು ನಾನಲ್ಲ. ಸ್ವಲ್ಪ ಜರುಗಿ ಜಾಗ ಕೊಡಬಲ್ಲೆ, ಅಷ್ಟೇ.

ನನ್ನ ಹೆಸರು ಮಾದೇವಮ್ಮ. ಹುಟ್ಟಿದ್ದು ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯಲ್ಲಿ, ಸೇರಿದ್ದು ರಾಮನಗರಕ್ಕೆ. ನಮ್ಮ ಯಜಮಾನರು ಬಸವರಾಜು ಹಾರೋಹಳ್ಳಿಯ ಒಂದು ಫ್ಯಾಕ್ಟರಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಾರೆ. ಒಬ್ಬಳೇ ಮಗಳು ಭವ್ಯಾ, ಚನ್ನಪಟ್ಟಣದ ಹತ್ತಿರ ಬೈರಾಪಟ್ಟಣಕ್ಕೆ ಕೊಟ್ಟಿದ್ದೇವೆ. ನಾನು ಮದುವೆಯಾದ ಎರಡನೇ ವರ್ಷದಿಂದ ನೂರಾಪನ ಮನೆಯ ಘಟಕದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದವಳು. ನೂರುನ್ನೀಸಾ ಅಂತ ಅವರ ಹೆಸರು. ಅವರಲ್ಲಿ ಅಕ್ಕನಿಗೆ ಆಪಾ ಅನ್ನುತ್ತಾರೆ, ಹಾಗಾಗಿ ನಮಗೆಲ್ಲ ನೂರಾಪ. ಮಾಲೀಕರ ಮನೆಯ ಹಿರಿಸೊಸೆಯಾದರೂ ನಮ್ಮ ಸಾಲಿನಲ್ಲೇ ಕೂತು ಕೆಲಸ ಮಾಡುತ್ತಿದ್ದರು. ಕಡ್ಡಿಯಂಥ ಹೆಂಗಸು, ಗಾಳಿ ಬಂದರೆ ಹಿಡಿದುಕೊಳ್ಳಬೇಕು.

ನೂಲು ತೆಗೆಯುವುದನ್ನು ನೋಡದವರಿಗೆ ಎರಡು ಮಾತು ಹೇಳಬೇಕು. ಬೇಯಿಸಿದ ರೇಷ್ಮೆಗೂಡುಗಳು ಬಿಸಿನೀರಿನ ಬೇಸಿನ್ನಿನಲ್ಲಿ ತೇಲುತ್ತಿರುತ್ತವೆ. ಅದರೊಳಗೆ ಬೆರಳು ಹಾಕಿ ಕಣ್ಣಿಗೂ ಸರಿಯಾಗಿ ಕಾಣದ ಎಳೆಯ ತುದಿಯನ್ನು ಹುಡುಕಿ ಮೇಲೆ ಸುತ್ತುವ ರಾಟೆಗೆ ಕೊಡಬೇಕು. ಎಳೆ ಕಡಿದಾಗಲೆಲ್ಲ ಮತ್ತೆ ನೀರಿಗೆ ಕೈ. ಅದಕ್ಕೇ ಪ್ರತಿಯೊಬ್ಬರ ಪಕ್ಕದಲ್ಲೂ ತಣ್ಣೀರಿನ ಒಂದು ಬೋಗುಣಿ ಇರುತ್ತದೆ. ಬಿಸಿಯಿಂದ ತೆಗೆದ ಬೆರಳನ್ನು ಅದರಲ್ಲಿ ಒಮ್ಮೆ ಅದ್ದಿ ಮತ್ತೆ ಬಿಸಿಗೆ ಹಾಕುವುದು. ಮೊದಲ ವಾರ ನಾನು ಮನೆಗೆ ಹೋಗಿ ಕೈಗೆ ಬೆಣ್ಣೆ ಸವರಿಕೊಂಡು ಅತ್ತಿದ್ದೆ.

ನೂರಾಪ ಹೇಳಿದ್ದರು, “ಮಾದೇವಿ, ನೀರಿಗೆ ಹೆದರ್ಬ್ಯಾಡ. ನೀನು ಹೆದರಿದ್ರೆ ಅದು ಇನ್ನೂ ಸುಡ್ತದೆ. ಕೈ ಪಳಗ್ಬೇಕು, ಪಳಗ್ತದೆ.”

ನಮ್ಮ ಘಟಕದಲ್ಲಿ ಒಂದು ಪದ್ಧತಿ ಇತ್ತು. ಹೊಸಬಳು ತಣ್ಣೀರು ಮುಟ್ಟದೆ ಒಂದು ಬೇಸಿನ್ ಗೂಡು ಮುಗಿಸಿದ ದಿನ ಅವಳ ಕೈ ಪಳಗಿತು ಎಂದು ಅರ್ಥ. ಅವತ್ತು ಅವಳ ಬೋಗುಣಿಯ ನೀರನ್ನು ನೂರಾಪ ಬಾಗಿಲಾಚೆ ಚೆಲ್ಲಿ, ಎಲ್ಲರ ಕೈಗೂ ಒಂದೊಂದು ತುಂಡು ಬೆಲ್ಲ ಕೊಡುತ್ತಿದ್ದರು. ಮಾರನೇ ದಿನದಿಂದ ಬೋಗುಣಿ ಮತ್ತೆ ತುಂಬುತ್ತಿತ್ತು ಅನ್ನಿ. ಎಷ್ಟು ಪಳಗಿದರೂ ಚರ್ಮ ಚರ್ಮವೇ, ಆಗಾಗ ಅದ್ದದೆ ಆಗದು. ಆದರೆ ಆ ಬೆಲ್ಲ ತಿಂದ ದಿನ ನನಗೆ ಆದ ಸಂತೋಷ ಎಸ್ಸೆಸ್ಸೆಲ್ಸಿ ಪಾಸಾದಾಗಲೂ ಆಗಿರಲಿಲ್ಲ.

ಭವ್ಯಾ ಹುಟ್ಟಿದ ಮೇಲೆ ನಾನು ದಪ್ಪಗಾದೆ. ದಪ್ಪ ಅಂದರೆ ಬಸ್ಸಿನ ಸೀಟಿನಲ್ಲಿ ಪಕ್ಕದವರು ನಿಟ್ಟುಸಿರು ಬಿಡುವಷ್ಟು. ಆಗ ಅದು ಕಾಯಿಲೆ ಅಂತ ಯಾರೂ ಹೇಳಲಿಲ್ಲ. ಊರಿಗೆ ಹೋದರೆ ಅವ್ವ ಬಾಗಿಲಲ್ಲೇ ನಿಲ್ಲಿಸಿ ನೋಡೋಳು. “ಈಗ ನೋಡು, ಮೈ ಕೈ ತುಂಬ್ಕಂಡು ಎಂಗವ್ಳೆ ನನ್ ಮಗ್ಳು! ಅಳಿಯಂದ್ರು ಚೆಂದಾಗಿ ನೋಡ್ಕಂಡವ್ರೆ” ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕೋಳು. ನಮ್ಮ ಯಜಮಾನರ ಮುಖದಲ್ಲೂ ಸಣ್ಣ ಹೆಮ್ಮೆ. ಹೆಂಡತಿ ಸಣಕಲಾಗಿದ್ದರೆ ಗಂಡನ ಮರ್ಯಾದೆ ಹೋಗುವ ಊರು ನಮ್ಮದು. ನನ್ನ ಮೈ ನನ್ನದೊಬ್ಬಳದೇ ಆಗಿರಲಿಲ್ಲ, ಅವರೆಲ್ಲರಿಗೂ ಅದರಲ್ಲಿ ಪಾಲಿತ್ತು.

ಕಾಯಿಲೆ ಗೊತ್ತಾಗಿದ್ದು ಅಚಾನಕ್ಕಾಗಿ. ಯಜಮಾನರಿಗೆ ಎದೆನೋವು ಅಂತ ಆಸ್ಪತ್ರೆಗೆ ಹೋಗಿದ್ದೆವು. ನಾನು ಜೊತೆಗೆ ಹೋದವಳು. ನರ್ಸಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ “ಬಂದಿದ್ದೀರಲ್ಲ, ನಿಮ್ದೂ ಒಂದ್ಸಲ ನೋಡೋಣ” ಎಂದು ಬೆರಳು ಚುಚ್ಚಿದರು. ಮಿಷನ್ನಿನಲ್ಲಿ ನಂಬರು ಬರಲೇ ಇಲ್ಲ. ‘ಹೈ’ ಅಂತ ಇಂಗ್ಲಿಷಿನಲ್ಲಿ ಬಂತು. ಮಿಷನ್ ಕೆಟ್ಟಿದೆ ಅಂದುಕೊಂಡೆ. ಅಳೆಯಲಾರದಷ್ಟು ಇದೆ ಅಂತ ಅದರ ಅರ್ಥವಂತೆ. ಯಜಮಾನರದು ಬರೀ ಗ್ಯಾಸು. ಡಾಕ್ಟರಮ್ಮ “ತೂಕ ಇಳಿಸಬೇಕಮ್ಮ, ಇಷ್ಟೊಂದು ಯಾಕೆ ಬಿಟ್ಟಿರಿ?” ಎಂದಾಗ ಕದ್ದು ಸಿಕ್ಕಿಬಿದ್ದವಳ ಹಾಗೆ ತಲೆ ತಗ್ಗಿಸಿದೆ.

ಬಸ್ಸಿನಲ್ಲಿ ಯಜಮಾನರು ಅಂದರು, “ನಮ್ಮನೇಲಿ ಯಾರ್ಗೂ ಇರ್ಲಿಲ್ಲ ಕಣೆ.”

“ನಮ್ಮನೇಲೂ ಇರ್ಲಿಲ್ಲ” ಅಂದೆ.

ತವರಿನ ಮೇಲೆ ಗೂಬೆ ಕೂರಿಸಲು ನೋಡಿದರು, ನಾನು ಬಿಡಲಿಲ್ಲ. ಆದರೆ ಮಾರನೇ ದಿನ ಹಾಗಲಕಾಯಿ ತಂದವರು ಅವರೇ. ಕೂತು ಹೆಚ್ಚಿಕೊಟ್ಟವರೂ ಅವರೇ. ಮದುವೆಯಾದಂದಿನಿಂದ ಅವರು ಈಳಿಗೆಮಣೆ ಮುಟ್ಟಿದ್ದು ಅದೇ ಮೊದಲು.

ಮಾತ್ರೆ ನುಂಗಿದೆ, ಮುದ್ದೆಯ ಗಾತ್ರ ಇಳಿಸಿದೆ. ಟೀ ಮಾತ್ರ ಬಿಡಲಾಗಲಿಲ್ಲ. ಘಟಕದಲ್ಲಿ ದಿನಕ್ಕೆ ಎರಡು ಸಲ ನೂರಾಪನ ಮನೆಯಿಂದ ಕೆಟಲಿನಲ್ಲಿ ಟೀ ಬರುತ್ತಿತ್ತು, ಸಕ್ಕರೆ ತುಂಬಿದ್ದು. ನನಗೆ ಸಕ್ಕರೆ ಹಾಕದೆ ಕೊಡಿ ಅಂದರೆ ಬೇರೆ ಪಾತ್ರೆಯಲ್ಲಿ ಕಾಯಿಸಬೇಕು, ಬೇರೆ ಲೋಟದಲ್ಲಿ ಕೊಡಬೇಕು. ಆ ‘ಬೇರೆ ಲೋಟ’ ಎನ್ನುವ ಮಾತು ನನ್ನ ಬಾಯಿಗೆ ಬರಲಿಲ್ಲ. ನಮ್ಮೂರಿನಲ್ಲಿ ಯಾರ್ಯಾರಿಗೆ ಬೇರೆ ಲೋಟ ಇಡುತ್ತಿದ್ದರು, ಯಾಕೆ ಇಡುತ್ತಿದ್ದರು ಅಂತ ನಾನು ನೋಡಿ ಬೆಳೆದವಳು. ನಾನು ಸೇರಿದ ಹೊಸತರಲ್ಲಿ ನೂರಾಪ ಟೀ ಹಿಡಿದು “ನಮ್ಮ ಮನೇದು ಕುಡೀತೀಯಾ?” ಎಂದು ಕೇಳಿದ್ದರು. ನಾನು ಗಟಗಟ ಕುಡಿದು ಲೋಟ ವಾಪಸು ಕೊಟ್ಟಿದ್ದೆ. ನಮ್ಮ ಸ್ನೇಹ ಶುರುವಾಗಿದ್ದು ಆ ಲೋಟದಿಂದ. ಇಷ್ಟು ವರ್ಷವಾದ ಮೇಲೆ ಬೇರೆ ಲೋಟ ಕೇಳುವುದು ಹೇಗೆ? ಡಾಕ್ಟರಮ್ಮನಿಗೆ ಇದನ್ನು ಹೇಳಲಾಗಲಿಲ್ಲ. ಅವರು ಚೀಟಿಯಲ್ಲಿ ‘ಪಥ್ಯ ಪಾಲಿಸುತ್ತಿಲ್ಲ’ ಎಂದು ಬರೆದರು.

ಆಮೇಲೆ ಮೈ ತಾನಾಗಿ ಇಳಿಯತೊಡಗಿತು. ನಾನು ಖುಷಿಪಟ್ಟೆ. ಅದು ಕಾಯಿಲೆ ಜೋರಾದ ಲಕ್ಷಣ ಅಂತ ಗೊತ್ತಿರಲಿಲ್ಲ. ಅವ್ವ ಮಾತ್ರ ನನ್ನನ್ನು ನೋಡಿ ಬಾಯಿ ಬಡಿದುಕೊಂಡಳು. “ಅಯ್ಯೋ ನನ್ ಕಂದಾ, ಇಂಗ್ಯಾಕೆ ಸೊರಗೋದೆ? ಮನೇಲಿ ಒಟ್ಟೆಗೆ ಇಕ್ಕಾಕಿಲ್ವಾ?” ಎಂದು ತುಪ್ಪದ ಡಬ್ಬಿ ಕಟ್ಟಿಕೊಟ್ಟಳು. ಅವಳ ಕಣ್ಣು ನೋಡಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡೆ.

ಇಂಚರ ಅನ್ನುವ ಹುಡುಗಿ ಸಿಕ್ಕಿದ್ದು ಆಸ್ಪತ್ರೆಯ ಬೆಂಚಿನ ಮೇಲೆ. ಮಂಗಳವಾರ ನಮ್ಮ ಶುಗರ್ ಮಂದಿಯ ದಿನ. ಖಾಲಿಹೊಟ್ಟೆಯಲ್ಲಿ ರಕ್ತ ಕೊಟ್ಟು, ತಿಂಡಿ ತಿಂದು, ಎರಡು ಗಂಟೆ ಕಾದು ಮತ್ತೆ ಕೊಡಬೇಕು. ಆ ಎರಡು ಗಂಟೆಯಲ್ಲಿ ಅಲ್ಲಿ ಎಲ್ಲರೂ ಡಾಕ್ಟರೇ. ನೇರಳೆ ಬೀಜ, ಮೆಂತ್ಯ, ಅಮೃತಬಳ್ಳಿ. ಕನಕಪುರದ ಕಡೆಯ ಒಬ್ಬ ಯಜಮಾನ ದಿನಾ ಬೇವಿನೆಲೆ ಅಗಿದು ಎಲ್ಲರಿಗೂ ನಾಲಗೆ ತೋರಿಸುತ್ತಿದ್ದ. ಈ ಹುಡುಗಿ ಒಂದು ನೋಟ್‌ಬುಕ್ ಹಿಡಿದು ಮೂಲೆಯಲ್ಲಿ ಕೂತಿರುತ್ತಿದ್ದಳು. ಯಾವ ಕಾಯಿಲೆಯವಳು ಅಂತ ಕೇಳಿದ್ದಕ್ಕೆ, ತಾನು ಮಾನವಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ, ಬೊಜ್ಜು ಮತ್ತು ಸಕ್ಕರೆ ಕಾಯಿಲೆ ಇರುವವರ ದಿನಚರಿ ನೋಡುತ್ತೇನೆ ಅಂದಳು.

“ನೋಡಿ ಏನು ಮಾಡ್ತೀಯವ್ವ? ಔಷ್ದಿ ಕೊಡ್ತೀಯಾ?” ಎಂದು ಕೇಳಿದೆ.

“ಇಲ್ಲ ಆಂಟಿ. ಕೇಳ್ತೀನಿ, ಬರ್ಕೊಳ್ತೀನಿ.”

ಒಳ್ಳೇ ಕೆಲಸ ಅಂದುಕೊಂಡೆ. ಆದರೆ ಅವಳು ಕೇಳಿದ ಹಾಗೆ ಯಾರೂ ಕೇಳಿರಲಿಲ್ಲ. ಡಾಕ್ಟರು ಕೇಳುವುದು ಎಷ್ಟು ಕೆ.ಜಿ., ಎಷ್ಟು ಮುದ್ದೆ ಅಂತ. ಇವಳು ಕೇಳಿದ್ದು, ನೀವು ದಪ್ಪಗಾದಾಗ ಯಾರು ಏನಂದರು, ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು, ಉಳಿದದ್ದು ಯಾರ ಹೊಟ್ಟೆಗೆ ಹೋಗುತ್ತದೆ ಅಂತ. ಲೋಟದ ವಿಷಯ ನಾನು ಮೊದಲು ಹೇಳಿದ್ದು ಅವಳಿಗೇ. ಹೇಳುತ್ತಾ ಹೇಳುತ್ತಾ ಅಳು ಬಂತು. ಅವಳು ಬರೆಯುವುದನ್ನು ನಿಲ್ಲಿಸಿ ನನ್ನ ಕೈ ಹಿಡಿದುಕೊಂಡಳು. ಹಿಡಿದುಕೊಂಡಿದ್ದಾಳೆ ಅಂತ ನನಗೆ ಗೊತ್ತಾಗಿದ್ದು ಕೆಳಗೆ ನೋಡಿದ ಮೇಲೆ.

ಹೌದು, ಅಷ್ಟು ಹೊತ್ತಿಗೆ ಕೈಕಾಲು ಜೋಮು ಹಿಡಿದಿತ್ತು. ಒಮ್ಮೆ ಘಟಕದಿಂದ ಮನೆಗೆ ಬಂದಾಗ ಕಾಲಲ್ಲಿ ಒಂದೇ ಚಪ್ಪಲಿ ಇತ್ತು, ಇನ್ನೊಂದು ಎಲ್ಲಿ ಬಿತ್ತೋ ಗೊತ್ತಾಗಲಿಲ್ಲ. ಯಜಮಾನರು “ಎಲ್ಲೈತೆ ಗ್ಯಾನ?” ಎಂದು ನಕ್ಕರು, ನಾನೂ ನಕ್ಕೆ. ದಿನವಿಡೀ ಒದ್ದೆ ನೆಲದ ಮೇಲೆ ಇರುವವರ ಕಾಲು ಜೋಮು ಹಿಡಿಯದೆ ಇನ್ನೇನು? ಕೈ ವಿಷಯಕ್ಕೆ ಬಂದರೆ ಹೆಮ್ಮೆಯೇ. ಬಿಸಿನೀರು ಈಗ ನನಗೆ ತಾಗುತ್ತಲೇ ಇರಲಿಲ್ಲ. ಬೋಗುಣಿಯ ತಣ್ಣೀರಿಗೆ ಧೂಳು ಕೂತಿರುತ್ತಿತ್ತು. ನೂರಾಪ ಹೊಸ ಹುಡುಗಿಯರನ್ನು ಕರೆದು ತೋರಿಸುತ್ತಿದ್ದರು, “ನೋಡಿ, ಕೈ ಅಂದ್ರೆ ಇದು. ಪೂರಾ ಪಳಗಿದ ಕೈ.” ಇಂಚರ ಘಟಕಕ್ಕೆ ಬಂದು ಇಡೀ ದಿನ ಕೂತಿದ್ದಾಗಲೂ ಹಾಗೇ ತೋರಿಸಿದರು. ಅವಳೂ ಕಣ್ಣರಳಿಸಿ ಬರೆದುಕೊಂಡಳು.

ಇದಾದ ಮೂರನೇ ವಾರಕ್ಕೆ ಭವ್ಯಾ ಫೋನು ಮಾಡಿದಳು. ಮದುವೆಯಾಗಿ ಐದು ವರ್ಷಕ್ಕೆ ಬಸುರಿ. ಚೊಚ್ಚಲು, ಬಾಣಂತನ ತವರಿನಲ್ಲೇ ಆಗಬೇಕು. “ಅಮ್ಮ, ಮಗೂಗೆ ಎಣ್ಣೆನೀರು ನೀನೇ ಆಕ್ಬೇಕು, ಬೇರೆಯವ್ರ ಕೈಗೆ ನಾನು ಕೊಡಾಕಿಲ್ಲ” ಅಂದಳು. “ಇನ್ಯಾರ್ ಆಕ್ತಾರೆ ಮತ್ತೆ? ನಾನಿಲ್ವಾ” ಎಂದು ನಾನು ಗದರಿದೆ. ಆ ಸಂಭ್ರಮದಲ್ಲೇ ಮಾರನೇ ದಿನ ಬೇಸಿನ್ನಿಗೆ ಕೂತೆ. ಎಳೆ ಹುಡುಕುತ್ತಾ ಕೈ ನೀರಿನಲ್ಲೇ ಇತ್ತು. ಪಕ್ಕದ ಜಯಮ್ಮ ಕಿರುಚಿದಳು, “ಅಕ್ಕಾ, ಕೈ ತಗೀರಿ! ಈಗ್ತಾನೆ ಕುದಿಯೋ ನೀರು ಉಯ್ದವ್ರೆ!”

ತೆಗೆದೆ. ಕೈ ಕೆಂಪಗಾಗಿತ್ತು. ನೋವು ಇರಲಿಲ್ಲ. “ನನ್ ಕೈಗೇನಾಯ್ತದೆ ಬುಡು” ಎಂದು ನಕ್ಕು ಮತ್ತೆ ಹಾಕಿದೆ.

ರಾತ್ರಿ ಕಳೆಯುವುದರೊಳಗೆ ಬೊಬ್ಬೆ ಎದ್ದಿತ್ತು. ನೋವಿಲ್ಲದ ಮೇಲೆ ಗಾಯ ಏನು ಮಹಾ ಎಂದು ಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ಹೋದೆ. ಬೊಬ್ಬೆ ಒಡೆದ ಬೆರಳನ್ನು ಸತ್ತ ಹುಳುವಿನ ನೀರಿನಲ್ಲಿ ನಾಲ್ಕು ದಿನ ಅದ್ದಿದೆ. ನಮ್ಮ ಘಟಕದಲ್ಲಿ ಬೆಂದ ಹುಳುವಿನ ನಾತ ಯಾವಾಗಲೂ ಇದ್ದೇ ಇರುತ್ತದೆ. ನನ್ನ ಬೆರಳಿನ ನಾತ ಅದರಲ್ಲಿ ಸೇರಿಹೋಗಿ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗಿದ್ದು ಮನೆಯಲ್ಲಿ, ಊಟಕ್ಕೆ ಕೂತಾಗ. ಯಜಮಾನರು ತುತ್ತು ಕೆಳಗಿಟ್ಟು “ಏನೋ ಕೊಳ್ತೋಗಿರೋ ವಾಸ್ನೆ ಬತ್ತೈತಲ್ಲೇ” ಎಂದು ಸುತ್ತ ಹುಡುಕಿದರು. ನನ್ನ ಕೈಯ ಬಟ್ಟೆ ಬಿಚ್ಚಿ ನೋಡಿದವರು ಎದ್ದು ಹೋಗಿ ಹಿತ್ತಲಲ್ಲಿ ನಿಂತುಬಿಟ್ಟರು.

ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ಕಣ್ಣು ಮುಚ್ಚಿಸಿ, ಅಂಗೈಗೆ ಚುಚ್ಚುತ್ತೇನೆ, ಗೊತ್ತಾದಾಗ ಹೇಳಿ ಅಂದರು. ನಾನು ಕಾದೆ. ಎಷ್ಟು ಹೊತ್ತಾದರೂ ಏನೂ ಇಲ್ಲ.

“ಯಾವಾಗ ಚುಚ್ತೀರಿ ಸಾರ್?” ಎಂದು ಕೇಳಿದೆ.

“ನಾಲ್ಕು ಸಲ ಚುಚ್ಚಿದೆನಮ್ಮ” ಅಂದರು.

ಅವತ್ತು ಗೊತ್ತಾಯಿತು, ನನ್ನ ಕೈ ಪಳಗಿರಲಿಲ್ಲ. ಸಕ್ಕರೆ ನರಗಳನ್ನು ತಿಂದು ಮುಗಿಸಿತ್ತು. ಅಷ್ಟು ವರ್ಷ ಊರೆಲ್ಲ ಹೊಗಳಿದ್ದು ಕಾಯಿಲೆಯನ್ನು.

ಬೆರಳು ತೆಗೆಯಬೇಕು, ತಡಮಾಡಿದರೆ ಕೈಯೇ ಹೋಗಬಹುದು ಅಂದರು. ನಾನು ಆ ಡಾಕ್ಟರ ಕೋಟು ಹಿಡಿದುಕೊಂಡೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಹಿಡಿದುಕೊಂಡು ಅತ್ತೆ. “ಮಗಳ ಬಾಣಂತನ ಮಾಡ್ಬೇಕು ಸಾರ್. ಮಗೂಗೆ ನೀರು ಹಾಕ್ಬೇಕು. ಕೈ ಉಳಿಸ್ಕೊಡಿ.” ಅವರು ಕೋಟು ಬಿಡಿಸಿಕೊಳ್ಳದೆ ಸುಮ್ಮನೆ ನಿಂತಿದ್ದರು. ಆ ದಿನ ನನಗೆ ಸಿಕ್ಕ ಕರುಣೆ ಅಷ್ಟೇ. ಇವತ್ತಿಗೂ ಅದನ್ನು ಮರೆತಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕೋಣವೆಂದರೆ ಬಲಗೈ ಬ್ಯಾಂಡೇಜಿನಲ್ಲಿತ್ತು. ಎಸ್ಸೆಸ್ಸೆಲ್ಸಿ ಓದಿದ ನಾನು ಎಡಗೈಯ ಹೆಬ್ಬೆಟ್ಟು ಒತ್ತಿದೆ.

ಇಂಚರ ವಾರ್ಡಿಗೆ ಬಂದಳು. ಮಂಚದ ಪಕ್ಕ ಕೂತಳು. ಆಮೇಲೆ ನೋಟ್‌ಬುಕ್ ತೆಗೆದು ಒಂದು ಪುಟ ತೋರಿಸಿದಳು. ‘ಉಳಿದವರೆಲ್ಲ ಆಗಾಗ ತಣ್ಣೀರಿಗೆ ಕೈ ಅದ್ದುತ್ತಾರೆ. ಮಾದೇವಮ್ಮ ಇಡೀ ದಿನದಲ್ಲಿ ಒಮ್ಮೆಯೂ ಅದ್ದಲಿಲ್ಲ. ವೃತ್ತಿಕೌಶಲ’ ಎಂದಿತ್ತು.

“ನಾನು ನೋಡಿದ್ದೆ ಆಂಟಿ. ಬರ್ಕೊಂಡೂ ಇದ್ದೆ. ನೀವೆಲ್ಲ ಹೆಂಗೆ ಹೇಳಿದ್ರೋ ಹಂಗೇ ನಂಬಿದೆ. ಒಂದು ಮಾತು ಡಾಕ್ಟ್ರಿಗೆ ಹೇಳಿದ್ದಿದ್ರೆ…” ಎಂದು ಅತ್ತಳು. “ಈ ಪುಟ ಹರಿದುಬಿಡ್ಲಾ?”

ನನಗೆ ಒಂದು ಕ್ಷಣ ಕೋಪ ಬಂತು. ಸುಳ್ಳು ಯಾಕೆ ಹೇಳಲಿ? ಅಷ್ಟು ಓದಿದವಳು, ಎರಡು ಕಣ್ಣಿಂದ ನೋಡಿದವಳು. ಆದರೆ ಬೈಯುವುದಾದರೆ ನನ್ನನ್ನು ಮೊದಲು ಬೈಯಬೇಕು, ನೂರಾಪನನ್ನು ಬೈಯಬೇಕು, ಅವತ್ತು ಬೆಲ್ಲ ತಿಂದವರನ್ನೆಲ್ಲ ಬೈಯಬೇಕು. “ಬುಡವ್ವ, ಅಂಗೇ ಇರ್ಲಿ. ಅರೀಬ್ಯಾಡ” ಅಂದೆ. ಹೋಗುವಾಗ ಅವಳು ಒಂದು ಖಾಲಿ ನೋಟ್‌ಬುಕ್ ದಿಂಬಿನ ಪಕ್ಕ ಇಟ್ಟು, “ಇನ್ಮೇಲೆ ನೀವೇ ಬರೀರಿ” ಅಂದಳು. ಈಗ ಬರೆಯುತ್ತಿರುವುದು ಅದರಲ್ಲೇ.

ತೋರುಬೆರಳು ಅರ್ಧ ಹೋಯಿತು, ಕೈ ಉಳಿಯಿತು. ಬೇಸಿನ್ ಕೆಲಸ ಮುಗಿಯಿತು. ಮನೆಗೆ ಬಂದ ದಿನ ನೂರಾಪ ಕೆಟಲ್ ಹಿಡಿದು ಬಂದರು. ಲೋಟದ ವಿಷಯ ಇಂಚರಳಿಂದ ಅವರಿಗೆ ಗೊತ್ತಾಗಿತ್ತು. ಒಂದೇ ಕೆಟಲಿನಿಂದ ಎರಡು ಲೋಟಕ್ಕೆ ಬಗ್ಗಿಸಿ, ತಮ್ಮದನ್ನು ಕುಡಿದು ಮುಖ ಕಿವುಚಿದರು. ಸಕ್ಕರೆ ಇರಲಿಲ್ಲ. “ಹುಚ್ಚಿ, ಒಂದ್ ಮಾತು ಕೇಳಿದ್ರೆ ನಾನೇನು ಬ್ಯಾಡ ಅಂತಿದ್ನಾ?” ಅಂದರು. ಇಬ್ಬರೂ ಅತ್ತೆವು. ನೀವೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ ಆಪಾ ಅಂದಿದ್ದಕ್ಕೆ ಸೊಂಟ ತೋರಿಸಿ ನಕ್ಕರು. “ನನಗೆಲ್ಲಿಂದ ಬರ್ತದೆ? ಶುಗರ್ ದಪ್ಪ ಇರೋರ ಕಾಯಿಲೆ. ನನ್ನ ಮೈಯಲ್ಲಿ ಅದು ಕೂರೋಕೆ ಜಾಗ ಎಲ್ಲೈತೆ?”

ಭವ್ಯಾಗೆ ಹೆಣ್ಣುಮಗು ಹುಟ್ಟಿತು. ಹೊಕ್ಕುಳು ಬಿದ್ದ ಮೇಲೆ ಮೊದಲ ಎಣ್ಣೆನೀರು. ನನ್ನ ಕೈಯಿಂದ ನೀರಿನ ಹದ ನೋಡಲಾಗದು ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಭವ್ಯಾ ಹಿಂದಿನ ದಿನದಿಂದ ನನ್ನ ಮುಖ ನೋಡದೆ ಮಾತಾಡುತ್ತಿದ್ದಳು. ಬೆಳಿಗ್ಗೆ ನೂರಾಪ ತಾವಾಗಿ ಬಂದು ಸೆರಗು ಸಿಕ್ಕಿಸಿದರು. “ನೀನು ಕಾಲು ಚಾಚಿ ಕೂತ್ಕೊ ಮಾದೇವಿ, ಮಗು ನಿನ್ನ ಕಾಲ ಮೇಲೇ ಇರ್ಲಿ. ನೀರು ನಾನು ಹದ ಮಾಡ್ತೀನಿ. ನೀರಿನ ವಿಷ್ಯ ನನಗಿಂತ ಯಾರಿಗೆ ಗೊತ್ತು?” ನನಗೆ ಹೋದ ಜೀವ ಬಂದ ಹಾಗಾಯಿತು.

ಬಚ್ಚಲಲ್ಲಿ ಮಣೆ ಹಾಕಿ ಕಾಲು ಚಾಚಿ ಕೂತೆ. ಎಣ್ಣೆ ಸವರಿದ ಮಗುವನ್ನು ಚಾಚಿದ ಕಾಲುಗಳ ಮೇಲೆ ಮಲಗಿಸಿಕೊಂಡೆ. ಕಾಲಿಗೆ ಅದರ ತೂಕ ತಿಳಿಯುತ್ತಿರಲಿಲ್ಲ, ಕಣ್ಣಿಂದ ನೋಡಿ ತಿಳಿದುಕೊಂಡೆ. ಹಂಡೆಯ ಹಬೆ ಬಚ್ಚಲೆಲ್ಲ ತುಂಬಿತ್ತು. ನೂರಾಪ ಬಕೆಟ್ಟಿಗೆ ಕೈ ಅದ್ದಿ, ಆಡಿಸಿ, “ಹದವಾಗೈತೆ” ಎಂದು ಒಂದು ಚೊಂಬಿನಿಂದ ಮಗುವಿನ ಪಾದಕ್ಕೆ ತೆಳ್ಳಗೆ ಹೊಯ್ದರು. ಮಗು ಕಿಟಾರನೆ ಕಿರುಚಿತು. ಮೊದಲ ನೀರಿಗೆ ಅಳದ ಮಗು ಯಾವುದು ಎಂದು ನಾವಿಬ್ಬರೂ ನಕ್ಕೆವು. ಆಗ ನನ್ನ ಕಾಲು ಕಣ್ಣಿಗೆ ಬಿತ್ತು. ನೀರು ಹರಿದಲ್ಲೆಲ್ಲ ಕೆಂಪು ಗೆರೆ.

“ಆಪಾ, ನಿಲ್ಸಿ!”

ಬಾಗಿಲಲ್ಲಿದ್ದ ಭವ್ಯಾ ಒಳಗೆ ನುಗ್ಗಿ ಬಕೆಟ್ಟಿಗೆ ಮೊಣಕೈ ಅದ್ದಿ ಫಟ್ಟನೆ ತೆಗೆದಳು. ಮಗುವನ್ನು ಎತ್ತಿಕೊಂಡು ನಲ್ಲಿಯ ತಣ್ಣೀರಿಗೆ ಅದರ ಪಾದ ಹಿಡಿದಳು. ಪಾದ ಗುಲಾಬಿ ಬಣ್ಣಕ್ಕೆ ತಿರುಗಿತ್ತು, ಚರ್ಮ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಅಳು ಬಿಕ್ಕಳಿಕೆಗೆ ಇಳಿಯಿತು. ದೇವರು ದೊಡ್ಡವನು.

ನೂರಾಪ ಬೆಪ್ಪಾಗಿ ನಿಂತಿದ್ದರು. “ಹದವಾಗೇ ಇತ್ತಲ್ಲ” ಅಂದರು. ಮತ್ತೆ ಬಗ್ಗಿ ಬಕೆಟ್ಟಿಗೆ ಮಣಿಕಟ್ಟಿನ ತನಕ ಕೈ ಇಳಿಸಿ, ಹಾಗೇ ಇಟ್ಟುಕೊಂಡು ನನ್ನ ಕಡೆ ನೋಡಿದರು. ಕೈಯ ಸುತ್ತ ಹಬೆ ಏಳುತ್ತಿತ್ತು. “ನೀನೇ ನೋಡು ಮಾದೇವಿ, ಬರೀ ಬೆಚ್ಚಗೈತೆ.”

ನಾನು ಏನು ನೋಡಲಿ? ಗೋಡೆ ಹಿಡಿದು ಎದ್ದು ಅವರ ಕೈಯನ್ನು ನೀರಿನಿಂದ ತೆಗೆದೆ. ಕೆಂಪಗಾಗಿದ್ದ ಆ ಕೈಯನ್ನು ನನ್ನ ಸೆರಗಿನಿಂದ ಒರೆಸಿದೆ. “ಭವ್ಯಾ, ಮಗೂನ ಒಸಿ ಇತ್ಲಾಗ್ ತೋರ್ಸವ್ವ” ಅಂದೆ. ಭವ್ಯಾ ಮಗುವನ್ನು ತಿರುಗಿಸಿ ಹಿಡಿದಳು. ನೂರಾಪ ಅದರ ಕಡೆ ಕತ್ತು ಚಾಚಿದರು. ನಾನು ಅವರ ಹೆಬ್ಬೆರಳಿನ ಬುಡವನ್ನು ಮೊದಲು ಮೆಲ್ಲಗೆ, ಆಮೇಲೆ ಉಗುರು ಇಳಿಯುವಷ್ಟು ಜೋರಾಗಿ ಚಿವುಟಿದೆ.

“ಮೂಗು ಪೂರಾ ನಿನ್ದೇ ಮಾದೇವಿ” ಎಂದು ನೂರಾಪ ಮಗುವನ್ನು ನೋಡುತ್ತಾ ನಗುತ್ತಲೇ ಇದ್ದರು.